ಅಕ್ಕನ ಪಾಲಿನ ಮೂರು ಅಂಕಿ

“ಕೈ ತೆಗೀರಿ, ಕೈ ತೆಗೀರಿ ಚಿಕ್ಕಕ್ಕ! ಇನ್ನೊಂದ್ಸಲ ತಪ್ಪಾದ್ರೆ ಇದು ಸಂಜೆವರೆಗೂ ಬಾಯಿ ಬಿಡಲ್ಲ!”

ಕಂಪ್ಯೂಟರ್ ಮೆಕ್ಯಾನಿಕ್ ಕೂಗಿಕೊಂಡ ಜೋರಿಗೆ ಒಳಕೋಣೆಯಲ್ಲಿ ಅಳುತ್ತಿದ್ದವರೂ ಒಂದು ಗಳಿಗೆ ಸುಮ್ಮನಾದರು. ಚಿಕ್ಕಕ್ಕ ಕಾದ ಪಾತ್ರೆ ಮುಟ್ಟಿದವಳಂತೆ ಕೀಬೋರ್ಡಿನಿಂದ ಕೈ ಹಿಂದಕ್ಕೆ ಎಳೆದುಕೊಂಡಳು. ಪರದೆಯ ಮೇಲೆ ಮತ್ತೆ ಅದೇ ಸಾಲು ಬಂದಿತ್ತು. ಪಿನ್ ತಪ್ಪಾಗಿದೆ, ಇನ್ನೊಮ್ಮೆ ಪ್ರಯತ್ನಿಸಿ.

“ಅದು ಮೆರೂನ್ ದಾರದ ನಂಬರು ಕಣೋ. ಅಕ್ಕನಿಗೆ ಮೆರೂನ್ ಅಂದ್ರೆ ಪ್ರಾಣ” ಎಂದಳು ಚಿಕ್ಕಕ್ಕ.

“ಪ್ರಾಣ ಇರಬಹುದು, ಪಿನ್ ಅದಲ್ಲ” ಎಂದ ಮೆಕ್ಯಾನಿಕ್. ಅಂದ ಮೇಲೆ, ಸಾವಿನ ಮನೆಯಲ್ಲಿ ಆಡಬಾರದ ಮಾತಾಡಿದೆನೇನೋ ಎಂದು ನಾಲಿಗೆ ಕಚ್ಚಿಕೊಂಡ.

ದೊಡ್ಡಕ್ಕ ತೀರಿಕೊಂಡದ್ದು ಅಂದು ಬೆಳಗಿನ ಜಾವ. ಮನೆಯ ಒಳಕೋಣೆಯಲ್ಲಿ ಅವಳನ್ನು ಮಲಗಿಸಿದ್ದರು. ಬೀದಿಗೆ ತೆರೆದುಕೊಂಡಿದ್ದ ಮುಂದಿನ ಕೋಣೆಯೇ ಅಕ್ಕತಂಗಿಯರ ಕಂಪ್ಯೂಟರ್ ಕಸೂತಿ ಅಂಗಡಿ. ಶಾಲೆಯ ಬ್ಯಾಡ್ಜು, ಹೋಟೆಲ್ ಟವೆಲ್ಲಿನ ಮೇಲಿನ ಹೆಸರು, ಕಾರ್ಖಾನೆಯವರ ಅಂಗಿಯ ಜೇಬು, ಎಲ್ಲವೂ ಅಲ್ಲಿಂದಲೇ ಹೊಲಿಸಿಕೊಂಡು ಹೋಗಬೇಕಿತ್ತು. ಬೀದಿಗೆ ಬೀದಿಯೇ ಅವರನ್ನು ದೊಡ್ಡಕ್ಕ, ಚಿಕ್ಕಕ್ಕ ಎನ್ನುತ್ತಿತ್ತು. ಅವರಿಗಿಂತ ಹತ್ತು ವರ್ಷ ದೊಡ್ಡವನಾದ ಪಕ್ಕದಂಗಡಿಯ ಟೈಲರ್ ಕೂಡ ಹಾಗೇ ಕರೆಯುತ್ತಿದ್ದ.

ಕಸೂತಿ ಯಂತ್ರದ ಚೌಕಟ್ಟಿನಲ್ಲಿ ಒಂದು ಬಿಳಿ ಹೊದಿಕೆ ಬಿಗಿದು ಕೂತಿತ್ತು. ಸೂಜಿಗೆ ದಾರ ಪೋಣಿಸಿ ಆಗಿತ್ತು. ಇಲ್ಲದಿದ್ದದ್ದು ಚಿತ್ರ ಮಾತ್ರ. ಅದು ಕಂಪ್ಯೂಟರಿನ ಹೊಟ್ಟೆಯಲ್ಲಿತ್ತು. ಮಧ್ಯಾಹ್ನಕ್ಕೆ ಸ್ಮಶಾನದ ಗಾಡಿ ಬರುವುದಿತ್ತು.

“ಚಿಕ್ಕಮ್ಮ, ನಿಜ ಹೇಳು” ಎಂದಳು ದೊಡ್ಡಕ್ಕನ ಮಗಳು. ಅವಳು ನಗರ ಸಾರಿಗೆಯ ಬಸ್ಸು ಓಡಿಸುವವಳು. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರಿಂದ ಇನ್ನೂ ಸಮವಸ್ತ್ರದಲ್ಲೇ ಇದ್ದಳು. “ಇಷ್ಟು ವರ್ಷ ಒಂದೇ ಕಂಪ್ಯೂಟರ್ ಮುಂದೆ ಕೂತಿದ್ದೀರಿ. ಪಿನ್ನಿನಲ್ಲಿ ಅಮ್ಮನ ಅರ್ಧ ನಿನಗೆ ನಿಜವಾಗ್ಲೂ ಗೊತ್ತಿಲ್ವಾ?”

“ಗೊತ್ತಿಲ್ಲ ಕಣೇ. ನೋಡಬಾರದು ಅಂತ ಮಾತಾಗಿತ್ತು. ನಾನು ನೋಡಲಿಲ್ಲ.”

ಹಾಗೆಂದವಳ ದನಿಯಲ್ಲಿ ದುಃಖಕ್ಕಿಂತ ಹೆಮ್ಮೆಯೇ ಒಂದು ತೂಕ ಹೆಚ್ಚಿತ್ತು.

*

ಪಿನ್ ಅರ್ಧರ್ಧವಾಗಲು ಕಾರಣವಾದ ಹಳೆಯ ಜಗಳ ಶುರುವಾದದ್ದು ಒಂದು ದೀಪದಿಂದ. ಶಾಲೆಯೊಂದರ ಬ್ಯಾಡ್ಜಿಗೆ ಚಿಕ್ಕಕ್ಕ ದೀಪದ ಚಿತ್ರ ಬರೆದಿದ್ದಳು. ಕುಡಿ ಗಾಳಿಗೆ ವಾಲಿದಂತೆ, ಬೇಕೆಂದೇ ಒಂದು ಕಡೆಗೆ ಬಾಗಿಸಿದ್ದಳು. ಅವಳು ಸಂತೆಗೆ ಹೋಗಿದ್ದಾಗ ದೊಡ್ಡಕ್ಕ ಅದನ್ನು ತೆರೆದು ನೋಡಿ, ತಂಗಿಯ ಕೈ ತಪ್ಪಿದೆ ಎಂದುಕೊಂಡು, ಕುಡಿಯನ್ನು ನೆಟ್ಟಗೆ ಮಾಡಿ ಯಂತ್ರಕ್ಕೆ ಕೊಟ್ಟುಬಿಟ್ಟಳು. ಚಿಕ್ಕಕ್ಕ ಮರಳಿ ಬರುವಷ್ಟರಲ್ಲಿ ಇಡೀ ಶಾಲೆಯ ಜೇಬಿನ ಮೇಲೆ ದೀಪಗಳು ಸೈನಿಕರ ಹಾಗೆ ನಿಂತಿದ್ದವು.

ಆಮೇಲೆ ಮಾತಿಲ್ಲ, ಕತೆಯಿಲ್ಲ. ಒಂದೇ ಒಲೆಯ ಮೇಲೆ ಎರಡು ಪಾತ್ರೆಯಲ್ಲಿ ಟೀ. ಅದೇ ವಾರ ಹಳೆ ಕಂಪ್ಯೂಟರ್ ಕೈಕೊಟ್ಟು ಹೊಸದು ಬಂತು. ಮೆಕ್ಯಾನಿಕ್ ಅದನ್ನು ಜೋಡಿಸಿ, “ಪಿನ್ ಹಾಕ್ಬೇಕು, ಯಾರು ಹೇಳ್ತೀರಿ?” ಎಂದು ಕೇಳಿದ.

“ನನ್ನ ಕೆಲಸವನ್ನ ಕೇಳದೆ ಮುಟ್ಟೋರ ಕೈಗೆ ಪಿನ್ ಕೊಡಬೇಡ” ಎಂದಳು ಚಿಕ್ಕಕ್ಕ, ಗೋಡೆಗೆ.

“ಹಿರಿಯಳು ನಾನು. ನನ್ನ ಕೈಯಲ್ಲೇ ಇರಲಿ” ಎಂದಳು ದೊಡ್ಡಕ್ಕ, ಫ್ಯಾನಿಗೆ.

ಇಬ್ಬರ ನಡುವೆ ಸಿಕ್ಕಿಕೊಂಡ ಮೆಕ್ಯಾನಿಕ್‌ಗೆ ಸಾಕುಸಾಕಾಯಿತು. “ಹಾಗಾದ್ರೆ ಅರ್ಧರ್ಧ ಇಟ್ಕೊಳ್ಳಿ! ಮೊದಲ ಮೂರು ಅಂಕಿ ದೊಡ್ಡಕ್ಕಂದು, ಕೊನೆ ಮೂರು ಚಿಕ್ಕಕ್ಕಂದು. ಒಬ್ಬರದ್ದು ಇನ್ನೊಬ್ಬರು ನೋಡಬೇಡಿ. ಇಬ್ಬರೂ ಬಂದ್ರೆ ತೆರೆಯುತ್ತೆ, ಇಲ್ಲಾಂದ್ರೆ ಇಲ್ಲ.”

ಅವನು ಹೇಳಿದ್ದು ತಮಾಷೆಗೆ. ಅಕ್ಕತಂಗಿಯರು ಅದನ್ನು ಕೋರ್ಟಿನ ತೀರ್ಪಿನಂತೆ ಒಪ್ಪಿಕೊಂಡರು. ದೊಡ್ಡಕ್ಕ ಒತ್ತುವಾಗ ಮೆಕ್ಯಾನಿಕ್‌ನನ್ನೂ ಸೇರಿಸಿ ಎಲ್ಲರೂ ಮುಖ ತಿರುಗಿಸಬೇಕಾಯಿತು. ಚಿಕ್ಕಕ್ಕ ತನ್ನ ಪಾಲಿಗೆ, ಯಾವ ಗಿರಾಕಿಯೂ ಕೇಳದ, ಅವಳಿಗೆ ಮಾತ್ರ ಇಷ್ಟವಾದ ಒಂದು ಪಾಚಿ ಹಸಿರು ದಾರದ ರೀಲಿನ ಮೇಲಿದ್ದ ಮೂರಂಕಿಯ ನಂಬರು ಕೊಟ್ಟಳು.

ಜಗಳ ಹೆಚ್ಚು ದಿನ ಉಳಿಯಲಿಲ್ಲ. ಟೀ ಒಂದೇ ಪಾತ್ರೆಗೆ ಬಂತು. ಪಿನ್ ಮಾತ್ರ ಹಾಗೇ ಉಳಿಯಿತು. ಬದಲಾಯಿಸೋಣ ಎಂದು ಬಾಯಿಬಿಡಲು ಇಬ್ಬರಿಗೂ ಬಿಗುಮಾನ. ಆಮೇಲಾಮೇಲೆ ಅದು ಬಿಗುಮಾನವೂ ಅಲ್ಲ, ಅಭ್ಯಾಸ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ದೊಡ್ಡಕ್ಕ ಕುರ್ಚಿಯಲ್ಲಿ ಕೂತು ತನ್ನ ಮೂರು ಅಂಕಿ ಒತ್ತುವಳು. ಆಗ ಚಿಕ್ಕಕ್ಕ ಬೀದಿ ನೋಡುವಳು. ದೊಡ್ಡಕ್ಕ ಎದ್ದು ಬಾಗಿಲಿಗೆ ಬಂದರೆ ಚಿಕ್ಕಕ್ಕ ಹೋಗಿ ಕೂರುವಳು. ಪರದೆಯ ಮೇಲೆ ಅಕ್ಕ ಬಿಟ್ಟುಹೋದ ಮೂರು ಚುಕ್ಕೆ ಕಾದಿರುತ್ತಿದ್ದವು. ಚಿಕ್ಕಕ್ಕ ತನ್ನ ಮೂರನ್ನು ಸೇರಿಸಿದರೆ ಅಂಗಡಿ ಶುರು. ಒಬ್ಬಳು ಊರಿಗೆ ಹೋದರೆ ಇಬ್ಬರಿಗೂ ರಜೆ.

“ಎರಡು ಬೀಗದ ಕೈ ಬೇಕಾಗೋಕೆ ಇದೇನು ಖಜಾನೆಯೇ?” ಎಂದು ಗಿರಾಕಿಗಳು ಕೀಟಲೆ ಮಾಡುತ್ತಿದ್ದರು. ಚಿಕ್ಕಕ್ಕನಿಗೆ ಅದು ಒಳಗೊಳಗೇ ಇಷ್ಟ. ಮದುವೆಯಾಗದೆ, ಅಕ್ಕನ ಮನೆಯಲ್ಲೇ ಇದ್ದು ಬಾಳಿದವಳು ಅವಳು. ನಾನಿಲ್ಲದೆ ಇದು ತೆರೆಯುವುದಿಲ್ಲ ಎಂಬ ವಸ್ತು ಲೋಕದಲ್ಲಿ ಒಂದಾದರೂ ಇತ್ತು.

*

“ಪಿನ್ ಮರೆತರೆ ದಾರಿ ಇಲ್ಲ ಅಂತೇನಲ್ಲ” ಎಂದು ಮೆಕ್ಯಾನಿಕ್ ವಿವರಿಸುತ್ತಿದ್ದ. “ಬಂದ ತಕ್ಷಣ ನಂಬರ್ ಕೀಗಳ ದೀಪ ನೋಡಿದೆ, ಉರೀತಾ ಇದೆ. ಆಫ್ ಮಾಡಿ ಆನ್ ಮಾಡಿದ್ದೂ ಆಯ್ತು. ಅಕೌಂಟಿನ ಪಾಸ್‌ವರ್ಡ್ ಇದ್ದಿದ್ರೆ ಹೊಸ ಪಿನ್ ಹಾಕಬಹುದಿತ್ತು. ಅದೂ ಗೊತ್ತಿಲ್ಲ ಅಂದ್ರೆ ಫೋನಿಗೆ ಒಂದು ಕೋಡ್ ಕಳಿಸುತ್ತೆ.”

“ಕಳಿಸಲಿ ಮತ್ತೆ” ಎಂದಳು ಮಗಳು.

“ಕಳಿಸುತ್ತೆ. ದೊಡ್ಡಕ್ಕನ ಹಳೇ ನಂಬರಿಗೆ. ಆ ಸಿಮ್ಮು ಈಗ ಯಾವ ಪುಣ್ಯಾತ್ಮರ ಹತ್ರ ಇದೆಯೋ.”

“ಹೋಗಲಿ ಬಿಡಿ” ಎಂದಿತು ಹಿಂದಿನಿಂದ ಯಾರದೋ ದನಿ. “ಬರೀ ಬಿಳಿ ಬಟ್ಟೆ ಹೊದಿಸಿದ್ರೆ ಏನಾಗುತ್ತೆ? ಎಲ್ಲರಿಗೂ ಹೊದಿಸೋದು ಅದನ್ನೇ ತಾನೆ?”

ಚಿಕ್ಕಕ್ಕ ತಿರುಗಿ ನೋಡಲಿಲ್ಲ. “ಆಗಲ್ಲ” ಎಂದಳು, ಅಷ್ಟೇ.

ಆಗದು ಎನ್ನಲು ಕಾರಣವಿತ್ತು. ಹಿಂದಿನ ವಾರವಷ್ಟೇ ದೊಡ್ಡಕ್ಕ ದಿಂಬಿಗೆ ಒರಗಿಕೊಂಡು, ಏದುಸಿರಿನ ನಡುವೆಯೂ ನಗುತ್ತಾ ಹೇಳಿದ್ದಳು. “ಜೀವಮಾನವೆಲ್ಲಾ ಊರವರ ಹೆಸರು ಹೊಲಿದೆ ಕಣೇ. ನನ್ನ ಮೇಲೆ ಆಸ್ಪತ್ರೆ ಬೆಡ್‌ಶೀಟಿನ ಹಾಗೆ ಬೋಳು ಬಟ್ಟೆ ಹಾಕಬೇಡಿ. ನಾನೊಂದು ಚಿತ್ರ ಬರೆದಿಟ್ಟಿದ್ದೀನಿ. ಬರೀ ಗೆರೆಯಲ್ಲಿ ಮಾಡಿದ್ದೀನಿ, ಬೇಗ ಆಗುತ್ತೆ. ಆ ದಿನ ನಿಮಗೆ ಹೊತ್ತು ಸಾಲಲ್ಲ.” ತಂಗಿ ಗದರಿದಳು. ಆ ದಿನವಂತೆ ಆ ದಿನ, ಸುಮ್ಮನೆ ಮಲಗು ಎಂದಳು. ತೋರಿಸು ಎಂದು ಕೇಳಲೂ ಇಲ್ಲ, ನಿನ್ನ ಮೂರು ಅಂಕಿ ಹೇಳು ಎಂದು ಕೇಳಲೂ ಇಲ್ಲ. ಕೇಳಿದರೆ ಅಕ್ಕ ಹೋಗುತ್ತಾಳೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ಟೈಲರ್ ಬಾಗಿಲ ಬಳಿ ನಿಂತು ಇಷ್ಟನ್ನೂ ಕೇಳುತ್ತಿದ್ದ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು. ಬಂದ ಗಡಿಬಿಡಿಯಲ್ಲಿ ತೆಗೆದಿಡಲು ಮರೆತಿದ್ದ.

“ಅಲ್ಲ, ನನಗೆ ಅರ್ಥ ಆಗ್ತಿಲ್ಲ” ಎಂದ. “ದೊಡ್ಡಕ್ಕ ಒಬ್ಬರೇ ತೆಗೀತಿದ್ರಲ್ಲ ಇದನ್ನ?”

“ಎಲ್ಲಿ ತೆಗೀತಿದ್ಳು ಟೈಲರಣ್ಣ? ನನ್ನ ಅರ್ಧ ಇಲ್ಲದೆ?”

“ನೀವು ಕಣ್ಣಿನ ಆಪರೇಷನ್ ಮಾಡಿಸ್ಕೊಂಡು ಅಕ್ಕನ ಮಗಳ ಮನೇಲಿದ್ರಿ ನೋಡಿ, ಆಗ. ದಿನಾ ಮೆಷಿನ್ ಓಡ್ತಿತ್ತು. ನನ್ನ ಗೋಡೆ ಗಡಗಡ ಅಂತಿತ್ತಲ್ಲ, ನನಗೆ ಗೊತ್ತಿಲ್ವೇ?”

“ಅಂಗಡಿ ಮುಚ್ಚಿದ್ದೆ ಅಂದಳಲ್ಲ ಅಕ್ಕ. ನೀನಿಲ್ಲದೆ ಹೇಗೆ ತೆಗೆಯಲಿ ಅಂದಳಲ್ಲ. ಹೋಟೆಲಿನವರ ಟವೆಲ್ಲನ್ನ ಬೇರೆ ಅಂಗಡಿಗೆ ಕೊಟ್ಟೆ ಅಂದಳು.”

ಟೈಲರ್‌ಗೆ ತಾನು ಯಾವುದೋ ಹೊಲಿಗೆ ಬಿಚ್ಚಿಬಿಟ್ಟೆನೆಂದು ಗೊತ್ತಾಯಿತು. ಆದರೆ ಮಾತು ಬಾಯಿಂದ ಹೊರಬಿದ್ದಾಗಿತ್ತು. “ಅವಳಿಗೆ ಹೇಳಬೇಡ, ನೊಂದ್ಕೊಳ್ತಾಳೆ ಅಂದಿದ್ರು. ನಾನೂ ಮರೆತೇಬಿಟ್ಟಿದ್ದೆ” ಎಂದು ಗೊಣಗಿದ.

ಮೆಕ್ಯಾನಿಕ್ ಗೆಳೆಯನೊಬ್ಬನನ್ನು ಕೇಳಿ ನೋಡುತ್ತೇನೆಂದು ಫೋನ್ ಹಿಡಿದು ಬೀದಿಗಿಳಿದ. ಮಗಳನ್ನು ಯಾರೋ ಒಳಗೆ ಕರೆದರು. ಟೈಲರ್ ಮೆಲ್ಲಗೆ ಜಾರಿಕೊಂಡ. ಅಂಗಡಿಯಲ್ಲಿ ಅವಳೊಬ್ಬಳೇ ಉಳಿದಳು.

*

ಮೊದಲು ಬಂದದ್ದು ಸಿಟ್ಟು. ಕಳ್ಳಿ! ಎಂದುಕೊಂಡಳು. ಒಳಗೆ ಅಷ್ಟು ಸಾಧುವಾಗಿ ಮಲಗಿದ್ದಾಳೆ, ಮಹಾ ಕಳ್ಳಿ. ದಿನಾ ಬೆಳಿಗ್ಗೆ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು, ಏನೂ ಗೊತ್ತಿಲ್ಲದವಳ ಹಾಗೆ. ಯಾವತ್ತಿನಿಂದ ಗೊತ್ತಿತ್ತೋ! ನಾನು ಜ್ವರದಲ್ಲೂ ಶಾಲು ಹೊದ್ದು ಬಂದು ಮೂರು ಕೀ ಒತ್ತಿ ಹೋಗಿದ್ದೇನೆ, ಅಕ್ಕನ ಕೆಲಸ ನಿಲ್ಲಬಾರದು ಅಂತ.

ಸಿಟ್ಟು ಇಳಿದ ಮೇಲೆ ಉಳಿದದ್ದು ಅದಕ್ಕಿಂತ ಕಷ್ಟದ್ದು. ಹಾಗಾದರೆ ನಾನು ಬೇಕಾಗಿಯೇ ಇರಲಿಲ್ಲ. ಅಳುವ ಮಗುವಿನ ಕೈಗೆ ಸೌಟು ಕೊಟ್ಟು ಅಡುಗೆ ನೀನೇ ಮಾಡಿದೆ ಎನ್ನುವ ಹಾಗೆ ನನಗೆ ಮೂರು ಅಂಕಿ ಕೊಟ್ಟು ಕೂರಿಸಿದ್ದಳು. ಬೆಳಗಿನಿಂದ ಅತ್ತು ಅತ್ತು ಕಣ್ಣು ಬತ್ತಿದೆ ಎಂದುಕೊಂಡಿದ್ದಳು. ಈಗ ಬೇರೆಯೇ ಅಳು ಬಂತು. ಅಕ್ಕ ಇಲ್ಲ ಎಂಬ ಅಳುವಲ್ಲ ಅದು, ನಾನೂ ಇರಲಿಲ್ಲ ಎಂಬ ಅಳು.

ಕೂರಲು ಬೇರೆ ಜಾಗವಿಲ್ಲದೆ ಅದೇ ಕುರ್ಚಿಯಲ್ಲಿ ಕೂತಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಕೈ ಕೀಬೋರ್ಡಿನ ಮೇಲೆ ಬಿತ್ತು. ಕುರ್ಚಿಯಲ್ಲಿ ಕೂತರೆ ಆ ಕೈಗೆ ಗೊತ್ತಿದ್ದದ್ದು ಒಂದೇ ಕೆಲಸ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಪಾಚಿ ಹಸಿರಿನ ಮೂರು ಅಂಕಿ ಒತ್ತಿಯಾಗಿತ್ತು.

ಪರದೆಯ ಮೇಲೆ ಮೂರು ಚುಕ್ಕೆ ಬಂದು ನಿಂತವು.

ಅಳಿಸಬೇಕು ಎಂದು ಅವಳಿಗೆ ಗೊತ್ತಿತ್ತು. ಇನ್ನೊಂದು ತಪ್ಪಾದರೆ ಎಲ್ಲಾ ಮುಗಿಯಿತು ಎಂದು ಮೆಕ್ಯಾನಿಕ್ ಹತ್ತು ಸಲ ಹೇಳಿದ್ದ. ಆದರೆ ಆ ಮೂರು ಚುಕ್ಕೆ ದಿನಾ ಬೆಳಿಗ್ಗೆ ಕಾದಿರುತ್ತಿದ್ದ ಚುಕ್ಕೆಗಳ ಹಾಗೇ ಇದ್ದವು. ಅಕ್ಕ ಈಗಷ್ಟೇ ಎದ್ದು ಬಾಗಿಲಿಗೆ ಹೋಗಿದ್ದಾಳೆ, ಇನ್ನು ನಿನ್ನ ಸರದಿ ಎನ್ನುವ ಹಾಗೆ. ಒದ್ದೆ ಕಣ್ಣಿಗೆ ಬೇರೇನೂ ಕಾಣಲಿಲ್ಲ. ಬೆರಳು ದಿನದಂತೆ ತನ್ನ ಪಾಲಿನ ಮೂರನ್ನು ಇನ್ನೊಮ್ಮೆ ಒತ್ತಿತು.

ಕಂಪ್ಯೂಟರ್ ತೆರೆದುಕೊಂಡಿತು.

ಅವಳು ಹಾಕಿದ ಕೂಗಿಗೆ ಎಲ್ಲರೂ ಓಡಿಬಂದರು. ಮೆಕ್ಯಾನಿಕ್ ಕಿವಿಯಿಂದ ಫೋನ್ ತೆಗೆಯದೆಯೇ ಒಳನುಗ್ಗಿದ. “ಏನು ಒತ್ತಿದ್ರಿ? ಏನು ಒತ್ತಿದ್ರಿ ಚಿಕ್ಕಕ್ಕ?”

“ನಂದೇ. ನಂದೇ ಎರಡು ಸಲ.”

ಮೆಕ್ಯಾನಿಕ್ ತಲೆ ಕೆರೆದುಕೊಂಡ. ಆಮೇಲೆ ಹಣೆ ಚಚ್ಚಿಕೊಂಡ. “ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳ. ಬೇಸಿಗೇಲಿ ದೊಡ್ಡಕ್ಕ ಫೋನ್ ಮಾಡಿದ್ರು. ಪಿನ್ ಬದಲಾಯಿಸೋದು ಹೇಗೋ ಅಂದ್ರು. ಹಳೇದು ಪೂರ್ತಿ ಗೊತ್ತಿರಬೇಕು ಅಂದೆ. ‘ಗೊತ್ತು, ನೀನು ದಾರಿ ಹೇಳು’ ಅಂದ್ರು. ಮಗಳ ಲ್ಯಾಪ್‌ಟಾಪಿಗೇನೋ ಇರಬೇಕು ಅಂದ್ಕೊಂಡು ಹೇಳಿಕೊಟ್ಟೆ. ಇದಕ್ಕೆ ಅಂತ ನನಗೇನು ಗೊತ್ತು?”

“ಬೇಸಿಗೇಲೇ ಅಮ್ಮನ ಕಾಯಿಲೆ ರಿಪೋರ್ಟ್ ಬಂದದ್ದು” ಎಂದಳು ಮಗಳು, ತನಗೇ ಹೇಳಿಕೊಳ್ಳುವಂತೆ.

ಚಿಕ್ಕಕ್ಕನಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಬೇಸಿಗೆಯಿಂದ ಅಕ್ಕ ಆ ಕುರ್ಚಿಯಲ್ಲಿ ಕೂತು ದಿನಾ ಒತ್ತಿದ್ದು ತಂಗಿಯ ಅಂಕಿಯನ್ನೇ. ತನ್ನದನ್ನು ತೆಗೆದುಹಾಕಿ, ಆ ಜಾಗದಲ್ಲಿ ತಂಗಿಯದನ್ನೇ ಇಟ್ಟು, ಏನೂ ಆಗದವಳಂತೆ ಎದ್ದು ಬಾಗಿಲಿಗೆ ಹೋಗಿ ನಿಂತಿದ್ದಳು. ತಾನಿಲ್ಲದ ದಿನ ಈ ಹುಚ್ಚಿ ಅರ್ಧ ಹಿಡಿದುಕೊಂಡು ಕೂರಬಾರದೆಂದು. ಹೇಳಬಹುದಿತ್ತಲ್ಲ ಎಂದುಕೊಂಡರೆ, ಹೇಳಲು ತಾನು ಬಿಟ್ಟಿದ್ದೆನೆ? ಆ ದಿನದ ಮಾತೆತ್ತಿದರೆ ಬಾಯಿ ಮುಚ್ಚಿಸುತ್ತಿದ್ದವಳು ತಾನೇ. ಅಕ್ಕನ ಮೇಲೆ ಪ್ರೀತಿ ಉಕ್ಕಿ ಬಂದು, ಎದೆಯಲ್ಲಿ ಹಿಡಿಸದೆ, ಅಲ್ಲೇ ಮೇಜಿನ ಮೇಲೆ ಹಣೆಯಿಟ್ಟಳು.

“ಚಿಕ್ಕಮ್ಮ, ಹೊತ್ತಾಗುತ್ತೆ” ಎಂದು ಮಗಳು ಬೆನ್ನು ಸವರಿದಳು.

*

ಯಂತ್ರ ಗಡಗಡ ಎಂದಿತು. ಟೈಲರ್ ತನ್ನ ಗೋಡೆಯ ಚಿಂತೆ ಬಿಟ್ಟು ಎಲ್ಲರಿಗಿಂತ ಮುಂದೆ ನಿಂತು ನೋಡಿದ. ಬಿಳಿ ಬಟ್ಟೆಯ ಮೇಲೆ ಒಂದೊಂದೇ ಗೆರೆ ಏಳತೊಡಗಿತು. ಹೂ ಬಳ್ಳಿ ಏನೂ ಅಲ್ಲ, ಈ ಅಂಗಡಿಯೇ. ಮೊದಲು ಬಾಗಿಲು ಬಂತು. ಮೇಲಿನ ಮೂಲೆಯಲ್ಲಿ ಕುತ್ತಿಗೆಗೆ ಟೇಪು ನೇತುಹಾಕಿಕೊಂಡ ಒಬ್ಬ ಗಂಡಸು ಬಂದ.

“ನಾನು!” ಎಂದ ಟೈಲರ್. “ನನ್ನ ಹೊಟ್ಟೆ ಇಷ್ಟು ದೊಡ್ಡದಾ?”

“ಇನ್ನೂ ದೊಡ್ಡದು. ಅಮ್ಮ ದಾರ ಉಳಿಸಿದ್ದಾಳೆ” ಎಂದಳು ಮಗಳು. ಅಳುತ್ತಿದ್ದವರಿಗೂ ನಗು ಬಂತು. ಇನ್ನೊಂದು ಮೂಲೆಯಲ್ಲಿ ಒಂದು ಬಸ್ಸು ಬಂತು, ಕಿಟಕಿಯಿಂದ ಕೈ ಹೊರಗೆ ಹಾಕಿ ಯಾರನ್ನೋ ಬಯ್ಯುತ್ತಿರುವ ಡ್ರೈವರ್ ಸಮೇತ. ಈ ಸಲ ಮಗಳು ನಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಕೆಳಗೆ ಎಡಕ್ಕೆ ಒಂದು ಕುರ್ಚಿ ಬಂತು. ಕುರ್ಚಿಯಲ್ಲಿ ಒಂದು ಬೆನ್ನು. ಸಡಿಲವಾದ ಜಡೆ, ಮುಂದಕ್ಕೆ ಚಾಚಿದ ಕುತ್ತಿಗೆ, ಕೀಬೋರ್ಡಿನ ಮೇಲೆ ಒಂದೇ ಒಂದು ಬೆರಳು.

“ಅದು ನಾನು” ಎಂದಳು ಚಿಕ್ಕಕ್ಕ. ಆಮೇಲೆ ಹೊಳೆಯಿತು. “ಹಾಗಾದ್ರೆ ತಿರುಗಿ ನೋಡ್ತಿದ್ಳು! ಬಾಗಿಲಲ್ಲಿ ನಿಂತು ನನ್ನನ್ನೇ ನೋಡ್ತಿದ್ಳು!”

ಎಷ್ಟು ಸಲ ನೋಡಿರಬೇಕು. ಜಡೆಯ ಸಡಿಲ ಕೂಡ ಸರಿಯಾಗಿತ್ತು. ತಾನು ಮಾತ್ರ ಮಾತಿಗೆ ಕಟ್ಟುಬಿದ್ದು, ಬೀದಿ ನೋಡುತ್ತಾ, ಅಕ್ಕನ ಬೆನ್ನನ್ನು ಒಂದು ದಿನವೂ ನೋಡಿರಲಿಲ್ಲ. ಬೆಳಿಗ್ಗೆ ಹೆಮ್ಮೆಯಾಗಿದ್ದದ್ದು ಈಗ ನಷ್ಟವಾಗಿ ಕಂಡಿತು.

ಯಂತ್ರ ನಿಂತಿತು. ಕೆಳಗೆ ಬಲಕ್ಕೆ, ಕುರ್ಚಿಯ ಪಕ್ಕದ ಜಾಗ ಖಾಲಿ ಉಳಿದಿತ್ತು. ದಾರ ತುಂಡಾಯಿತೇನೋ ಎಂದು ಚಿಕ್ಕಕ್ಕ ಬಗ್ಗಿ ನೋಡಿದಳು. ದಾರ ಸರಿಯಾಗಿಯೇ ಇತ್ತು. ಚಿತ್ರ ಇದ್ದದ್ದೇ ಅಷ್ಟು.

“ದೊಡ್ಡಕ್ಕ ತಮ್ಮನ್ನ ಹಾಕ್ಕೊಂಡೇ ಇಲ್ಲ” ಎಂದ ಟೈಲರ್.

“ಕೈಲಾಗಿರಲ್ಲ” ಎಂದಳು ಮಗಳು. “ಕೊನೆಕೊನೆಗೆ ಮೌಸ್ ಹಿಡಿಯೋಕೂ ಆಗ್ತಿರಲಿಲ್ಲ.”

ಗಾಡಿ ಬಂದು ಬಾಗಿಲಿಗೆ ನಿಂತಿತು. ಹೊದಿಕೆಯನ್ನು ಚೌಕಟ್ಟಿನಿಂದ ಬಿಡಿಸಿ ಒಳಗೆ ಒಯ್ದು ದೊಡ್ಡಕ್ಕನ ಮೇಲೆ ಹೊದಿಸಿದರು. ಕಸೂತಿಯ ಅಂಗಡಿ ಎದೆಯ ಮೇಲೆ ಬಂತು. ಜನ ಎದ್ದು ನಿಂತರು. “ಆಗಲಿ, ಹೊರಡೋಣ” ಎಂದರು ಯಾರೋ. ಹೊರಗೆ ಗಾಡಿಯ ಎಂಜಿನ್ ಚಾಲೂ ಆಯಿತು.

“ಒಂದು ನಿಮಿಷ” ಎಂದಳು ಚಿಕ್ಕಕ್ಕ.

ಅವಳ ಕೈಯಲ್ಲಿ ಕೈಹೊಲಿಗೆಯ ಸೂಜಿ ಇತ್ತು. ಕಣ್ಣು ಮಂಜಾಗಿ ದಾರ ಪೋಣಿಸಲು ಆಗದೆ ಅದನ್ನು ಅಕ್ಕನ ಮಗಳ ಕಡೆ ಚಾಚಿದಳು. ಮಗಳು ದಾರ ಪೋಣಿಸಿ ಕೊಟ್ಟಳು. ಆಮೇಲೆ ಬಾಗಿಲಿಗೆ ಹೋಗಿ ಗಾಡಿಯವನಿಗೆ ಕೈಸನ್ನೆ ಮಾಡಿದಳು. ಅವನು ಎಂಜಿನ್ ಆರಿಸಿದ. ಎದ್ದಿದ್ದವರು ಒಬ್ಬೊಬ್ಬರಾಗಿ ಮತ್ತೆ ಕೂತರು.

ಚಿಕ್ಕಕ್ಕ ಅಕ್ಕನ ಪಕ್ಕದಲ್ಲಿ ನೆಲದ ಮೇಲೆ ಕೂತು, ಬಟ್ಟೆಯ ಖಾಲಿ ಜಾಗವನ್ನು ಎಡಗೈಯಲ್ಲಿ ಎತ್ತಿ ಹಿಡಿದಳು. ಕನ್ನಡಕ ಮೇಲೇರಿಸಿಕೊಂಡು ಅಕ್ಕನ ಮುಖವನ್ನು ನೋಡಿದಳು. ಹಣೆಯನ್ನು, ಮೂಗು ತುದಿಯಲ್ಲಿ ಸ್ವಲ್ಪ ಡೊಂಕಾಗಿದ್ದುದನ್ನು, ಕಿವಿಯ ಹಿಂದೆ ಸಿಕ್ಕಿಸಿದ ಕೂದಲನ್ನು ನೋಡಿದಳು. ಬಟ್ಟೆಯ ಕಡೆ ಬಗ್ಗಿ ಒಂದು ಹೊಲಿಗೆ ಹಾಕಿದಳು. ಮತ್ತೆ ತಲೆಯೆತ್ತಿ ನೋಡಿದಳು.